ಅರ್ಥ ಬರುತ್ತೆ, ವಾಕ್ಯ ಬರಲ್ಲ

ಪ್ರಶ್ನೆ: ಮೇಡಂ, ನನ್ನ ಮಗ 3ನೇ ಕ್ಲಾಸು, ಪದದ ಅರ್ಥ ಎಲ್ಲಾ ಪಟಪಟ ಹೇಳ್ತಾನೆ ಆದ್ರೆ ಸ್ವಂತ ವಾಕ್ಯ ಮಾಡು ಅಂದ್ರೆ ಎಡವಟ್ಟು. 'ಹಿಂಜರಿ' ಅಂದ್ರೆ ಹಿಂದೆ ಸರಿ ಅಂತ ಕಲಿತು 'ಕಾರು ಹಿಂಜರಿಯಿತು' ಅಂತ ಬರೆದಿದ್ದಾನೆ. ಏನ್ ಮಾಡ್ಲಿ?

ಉತ್ತರ: ನಗು ಬಂತು, ಆದ್ರೆ ಅವನ ಲೆಕ್ಕದಲ್ಲಿ ಅದು ಸರೀನೇ ಅಲ್ವಾ! ಬರೀ ಅರ್ಥ ಕೊಟ್ರೆ ಹಿಂಗೇ ಆಗೋದು, ಪದ ಯಾರ ಬಗ್ಗೆ, ಯಾವಾಗ ಬರುತ್ತೆ ಅನ್ನೋದು ವಾಕ್ಯದಲ್ಲೇ ಗೊತ್ತಾಗ್ಬೇಕು. ಅದೂ ಎಂಥ ವಾಕ್ಯ ಅನ್ನೋದು ಮುಖ್ಯ. 'ರವಿ ಹಿಂಜರಿದನು' ಅಂದ್ರೆ ಏನೂ ತಿಳಿಯಲ್ಲ, ರವಿ ಸೀನಿದ ಅಂತಾನೂ ಅಂದ್ಕೋಬಹುದು. 'ಉತ್ತರ ಗೊತ್ತಿದ್ರೂ ಎಲ್ಲಿ ತಪ್ಪಾಗುತ್ತೋ ಅಂತ ಕೈ ಎತ್ತೋಕೆ ಹಿಂಜರಿದ' ಅನ್ನಿ, ಅರ್ಥ ನೀವು ಹೇಳೋದೇ ಬೇಡ, ಜೊತೆಗೆ ಅದರ ಮುಂಚೆ 'ಎತ್ತೋಕೆ', 'ಕೇಳೋಕೆ' ಥರದ್ದೊಂದು ಬರುತ್ತೆ ಅನ್ನೋದೂ ಕಿವಿಗೆ ಬೀಳುತ್ತೆ. ಇಂಥವು 3-4, ಬೇರೆಬೇರೆ ದಿನ, ಮಾತಿನ ಮಧ್ಯೆನೇ ಬರ್ಲಿ, ಒಂದೇ ಸಲ 20 ಪದ ತುರುಕಬೇಡಿ. ಆಮೇಲೆ 'ನೀನು ಯಾವಾಗ ಹಿಂಜರಿದಿದ್ದೆ?' ಅಂತ ಕೇಳಿ, ಅವನದ್ದೇ ಕಥೆ ಅಂದ್ರೆ ವಾಕ್ಯ ತಾನಾಗೇ ಬರುತ್ತೆ. ಕಾರಿನ ವಾಕ್ಯಕ್ಕೆ ಮಾತ್ರ ಕೆಂಪು ಗೆರೆ ಎಳೀಬೇಡಿ ಪ್ಲೀಸ್.