ಪುಣೆಯಿಂದ ಜನವರಿಯಲ್ಲಿ ಮನಾಲಿಗೆ ಸ್ವಂತ ಕಾರು: ಘಾಟಿನಲ್ಲಿ ಪಳಗಿದ ಕೈ ಹಿಮದ ರಸ್ತೆಗೆ ಸಾಕೇ?

ನಿಮ್ಮ ಪ್ರಶ್ನೆ ಇಷ್ಟು: ಪಿಂಪ್ರಿ-ಚಿಂಚವಾಡದಿಂದ ಜನವರಿ ಮೊದಲ ವಾರ ಡೀಸೆಲ್ ನೆಕ್ಸಾನ್‌ನಲ್ಲಿ ಹೊರಟು ಮನಾಲಿ, ಸೋಲಂಗ್, ಸಾಧ್ಯವಾದರೆ ಅಟಲ್ ಸುರಂಗ ದಾಟಿ ಸಿಸ್ಸು. ಜೊತೆಗೆ ತಾಯಿ, ಇಬ್ಬರು ಮಕ್ಕಳು. ತಾಮ್ಹಿಣಿ, ಅಂಬೋಲಿ ಘಾಟುಗಳಲ್ಲಿ ಜುಲೈ ಮಳೆಯಲ್ಲೂ ಓಡಿಸಿ ರೂಢಿಯಿದೆ, ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಚೈನ್ ಹಾಕಿಕೊಂಡರೆ ಸಾಕಲ್ಲವೇ ಅಂತ.

ಸಾಲದು. ಘಾಟಿನ ಅಭ್ಯಾಸದಲ್ಲಿ ಅರ್ಧ ಅಲ್ಲೂ ಕೆಲಸಕ್ಕೆ ಬರುತ್ತದೆ: ಇಳಿಜಾರಿನಲ್ಲಿ ಕೆಳ ಗೇರ್, ತಿರುವಿಗೆ ಮುಂಚೆಯೇ ವೇಗ ಇಳಿಸುವುದು, ಏರುವ ಗಾಡಿಗೆ ದಾರಿ ಬಿಡುವುದು. ಉಳಿದರ್ಧವನ್ನು ಮರೆಯಬೇಕು. ಘಾಟಿನಲ್ಲಿ ಎಷ್ಟೇ ಮಳೆ ಸುರಿದರೂ ಬ್ರೇಕ್ ಒತ್ತಿದರೆ ಕಾರು ತಡವಾಗಿಯಾದರೂ ನಿಲ್ಲುತ್ತದೆ. ಮಂಜುಗಡ್ಡೆ ಕಟ್ಟಿದ ಇಳಿಜಾರಿನಲ್ಲಿ ಆ ಭರವಸೆಯೇ ಇಲ್ಲ.

ಲೆಕ್ಕ ಹಾಕಿ ನೋಡಿ. ಟೈರಿಗೂ ರಸ್ತೆಗೂ ನಡುವಿನ ಹಿಡಿತ, ಅಂದರೆ ಕಾರಿನ ತೂಕದ ಎಷ್ಟು ಪಾಲು ಬಲ ಜಾರದಂತೆ ತಡೆಯಲು ಸಿಗುತ್ತದೆ ಎಂಬುದು, ಒಣ ಡಾಂಬರಿನಲ್ಲಿ ಸುಮಾರು 0.7, ಒದ್ದೆ ಡಾಂಬರಿನಲ್ಲಿ 0.45ರ ಆಸುಪಾಸು, ತುಳಿದು ಗಟ್ಟಿಯಾದ ಹಿಮದ ಮೇಲೆ 0.2, ಮಂಜುಗಡ್ಡೆಯ ಮೇಲೆ 0.1 ಅಥವಾ ಅದಕ್ಕೂ ಕಡಿಮೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದ ಮೇಲೆ ಕಾರು ನಿಲ್ಲಲು ಒಣ ರಸ್ತೆಯಲ್ಲಿ 9 ಮೀಟರ್, ಒದ್ದೆಯಲ್ಲಿ 14, ಗಟ್ಟಿ ಹಿಮದಲ್ಲಿ 31, ಮಂಜುಗಡ್ಡೆಯಲ್ಲಿ 63 ಮೀಟರ್ ಬೇಕು. ಐದು ಎಸ್‌ಟಿ (ಸರ್ಕಾರಿ) ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು ಉದ್ದ. ಅದೇ ಗಂಟೆಗೆ 20 ಕಿ.ಮೀ.ಗೆ ಇಳಿದರೆ 63 ಹೋಗಿ 16 ಮೀಟರ್ ಆಗುತ್ತದೆ. ವೇಗ ಅರ್ಧವಾದರೆ ದೂರ ಕಾಲು ಭಾಗಕ್ಕೆ ಇಳಿಯುತ್ತದೆ.

ಇದು ಸಮತಟ್ಟು ನೆಲದ ಮಾತು. ಹತ್ತು ಮೀಟರ್ ಸಾಗಿದರೆ ಒಂದು ಮೀಟರ್ ಇಳಿಯುವ ರಸ್ತೆ ಎಂದುಕೊಳ್ಳಿ. ಅಲ್ಲಿ ಕಾರನ್ನು ಕೆಳಕ್ಕೆ ಎಳೆಯುವ ಬಲ ಅದರ ತೂಕದ ಹತ್ತನೇ ಒಂದು ಪಾಲು. ಮಂಜುಗಡ್ಡೆಯ ಹಿಡಿತವೂ ಅಷ್ಟೇ. ಅಂದರೆ ಬ್ರೇಕ್ ಹಾಕುವುದಕ್ಕೆ ಉಳಿದದ್ದು ಸೊನ್ನೆ. ನಾಲ್ಕೂ ಚಕ್ರ ನಿಂತರೂ ಕಾರು ಜಾರುತ್ತಲೇ ಇರುತ್ತದೆ, ಇಳಿಜಾರು ಇನ್ನೊಂಚೂರು ಹೆಚ್ಚಾದರೆ ವೇಗವೂ ಏರುತ್ತದೆ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇದ್ದರೂ ಫೋರ್ ಬೈ ಫೋರ್ (ನಾಲ್ಕೂ ಚಕ್ರವನ್ನು ಎಂಜಿನ್ ತಿರುಗಿಸುವ ಗಾಡಿ) ಇದ್ದರೂ ಈ ಲೆಕ್ಕ ಬದಲಾಗದು. ಫೋರ್ ಬೈ ಫೋರ್ ಏರಲು, ಹೊರಡಲು ನೆರವಾಗುತ್ತದೆ. ಬ್ರೇಕ್ ಎಲ್ಲ ಕಾರಿಗೂ ಮೊದಲಿನಿಂದಲೇ ನಾಲ್ಕು ಚಕ್ರಕ್ಕೆ ಇದೆ.

ಹಾಗಾಗಿ ಇಳಿಯಬೇಕೋ ಬೇಡವೋ ಎಂಬ ತೀರ್ಮಾನ ಇಳಿಜಾರಿನ ತಲೆಯಲ್ಲೇ ಆಗಬೇಕು. ಅನುಮಾನ ಬಂದ ಜಾಗದಲ್ಲಿ ಕಾರು ನಿಲ್ಲಿಸಿ, ಇಳಿದು, ಬೂಟಿನ ಹಿಮ್ಮಡಿಯನ್ನು ರಸ್ತೆಗೆ ಉಜ್ಜಿ ನೋಡಿ. ನಿಮ್ಮ ಕಾಲೇ ನಿಲ್ಲದಿದ್ದರೆ ಚೈನ್ ಇಲ್ಲದ ಕಾರೂ ನಿಲ್ಲುವುದಿಲ್ಲ.

ಎಲ್ಲಿ, ಯಾವ ಹೊತ್ತಿಗೆ ಜಾರುತ್ತದೆ ಎಂಬುದು ತಿಳಿದಿದ್ದರೆ ಅರ್ಧ ಅಪಾಯ ತಪ್ಪುತ್ತದೆ. ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ, 2020ರ ಅಕ್ಟೋಬರ್‌ನಲ್ಲಿ ತೆರೆದ 9.02 ಕಿ.ಮೀ. ಉದ್ದದ ಅಟಲ್ ಸುರಂಗ 3,000 ಮೀಟರ್‌ಗಿಂತ ಮೇಲೆ. ಸಾವಿರ ಮೀಟರ್ ಏರಿದರೆ ಉಷ್ಣತೆ ಆರೇಳು ಡಿಗ್ರಿ ಇಳಿಯುತ್ತದೆ. ಮನಾಲಿಯ ಮಾಲ್ ರೋಡಿನಲ್ಲಿ ಬಿಸಿಲು ಕಾಯಿಸುತ್ತಿರುವಾಗ ಸುರಂಗದ ಬಾಯಲ್ಲಿ ನೀರು ಹೆಪ್ಪುಗಟ್ಟಿರಬಹುದು. ಮಧ್ಯಾಹ್ನ ಪಕ್ಕದ ಹಿಮ ಕರಗಿ ರಸ್ತೆಗೆ ಅಡ್ಡ ಹರಿಯುತ್ತದೆ, ಬೆಟ್ಟದ ನೆರಳು ಬಿದ್ದ ಕೂಡಲೇ ಅದೇ ನೀರು ಗಾಜಿನಂತೆ ಗಟ್ಟಿಯಾಗುತ್ತದೆ. ಇದೇ ಬ್ಲ್ಯಾಕ್ ಐಸ್. ಬಣ್ಣವಿಲ್ಲದ್ದರಿಂದ ಕೆಳಗಿನ ಡಾಂಬರೇ ಕಾಣುತ್ತದೆ, ರಸ್ತೆ ಬರೀ ಒದ್ದೆಯಾಗಿದೆ ಅನ್ನಿಸುತ್ತದೆ. ದೇವದಾರು ಮರಗಳ ನೆರಳು, ಬಿಸಿಲೇ ಬೀಳದ ತಿರುವು, ಅಡಿಯಿಂದಲೂ ಗಾಳಿ ಬೀಸುವ ಸೇತುವೆ, ಗಾಡಿಗಳು ಹೊತ್ತು ತಂದ ಹಿಮ ತೊಟ್ಟಿಕ್ಕುವ ಸುರಂಗದ ಬಾಯಿ, ಇವು ಅದರ ಠಾವುಗಳು. ರಸ್ತೆ ಒದ್ದೆ ಕಂಡರೂ ಮುಂದಿನ ಗಾಡಿಯ ಚಕ್ರದಿಂದ ನೀರು ಸಿಡಿಯುತ್ತಿಲ್ಲವೇ? ಟೈರಿನ ಸದ್ದು ತಟ್ಟನೆ ಅಡಗಿತೇ? ಸ್ಟೀರಿಂಗ್ ಹಗುರವಾಯಿತೇ? ನೀವು ಅದರ ಮೇಲೇ ಇದ್ದೀರಿ. ಆಕ್ಸಿಲರೇಟರ್ ಮೆಲ್ಲಗೆ ಬಿಡಿ, ಬ್ರೇಕ್ ಮುಟ್ಟಬೇಡಿ, ಸ್ಟೀರಿಂಗ್ ನೇರ ಹಿಡಿದು ದಾಟಿ. ಡ್ಯಾಶ್‌ಬೋರ್ಡಿನಲ್ಲಿ ಹೊರಗಿನ ಉಷ್ಣತೆ 3 ಡಿಗ್ರಿ ಎಂದಿದ್ದರೂ ನೆಲ ಸೊನ್ನೆಗಿಂತ ಕೆಳಗಿರಬಹುದು. ಸೊನ್ನೆಯ ಆಸುಪಾಸಿನ ಮಂಜುಗಡ್ಡೆಯ ಮೇಲೆ ತೆಳು ನೀರಿನ ಪದರ ಇರುವುದರಿಂದ ಅದು ಕಡುಚಳಿಯ ಗಡ್ಡೆಗಿಂತ ಹೆಚ್ಚು ಜಾರುತ್ತದೆ. ಬೆಳಗ್ಗೆ ಹತ್ತೂವರೆಗೆ ಮುಂಚೆ, ಮಧ್ಯಾಹ್ನ ಮೂರರ ನಂತರ ಮನಾಲಿಯಿಂದ ಮೇಲಕ್ಕೆ ಹೋಗಬೇಡಿ ಎನ್ನುವುದು ಇದಕ್ಕೇ.

ಹೊಸದಾಗಿ ಬಿದ್ದ ಮೂರಿಂಚು ಹಿಮ ನೋಡಿದರೆ ಹೆದರಿಕೆಯಾಗುತ್ತದೆ, ಆದರೆ ಅದರಲ್ಲಿ ಟೈರು ಒಂದಿಷ್ಟು ಕಚ್ಚುತ್ತದೆ. ಗಾಡಿಗಳು ಓಡಾಡಿ ಉಜ್ಜಿ ನುಣುಪಾದ ಹಿಮವೇ ಹೆಚ್ಚು ಅಪಾಯ.

ಈಗ ಚೈನ್. ಎಂಜಿನ್ ತಿರುಗಿಸುವ ಚಕ್ರಕ್ಕೇ ಹಾಕಬೇಕು. ನೆಕ್ಸಾನ್, ಸ್ವಿಫ್ಟ್, ಎರ್ಟಿಗಾ ಮುಂದಿನ ಚಕ್ರದವು. ಬೊಲೆರೊ, ಇನ್ನೋವಾ ಕ್ರಿಸ್ಟಾ ಹಿಂದಿನವು. ಟೈರಿನ ಪಕ್ಕ 215/60 ಆರ್16 ಎಂಬಂತೆ ಬರೆದಿರುವ ಅಳತೆ ನೋಡಿ ಅದಕ್ಕೆ ಹೊಂದುವುದನ್ನೇ ಕೊಳ್ಳಿ. ಸಡಿಲ ಚೈನು ತಿರುಗುವಾಗ ಬೀಸಿ ಬ್ರೇಕ್ ಹೋಸ್, ಎಬಿಎಸ್ ಸೆನ್ಸರಿನ ವೈರು ಹರಿಯುತ್ತದೆ. ಕೊಳ್ಳುವ ಮುಂಚೆ ಕಾರಿನ ಕೈಪಿಡಿಯಲ್ಲಿ ಚೈನಿಗೆ ಅನುಮತಿ ಇದೆಯೇ ಓದಿ. ದೊಡ್ಡ ಟೈರಿನ ಕೆಲವು ಮಾದರಿಗಳಲ್ಲಿ ಒಳಗಡೆ ಜಾಗವೇ ಇರುವುದಿಲ್ಲ.

ಪುಣೆ ಬಿಡುವ ಮುಂಚೆ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಮೂರು ಸಲ ಹಾಕಿ ತೆಗೆಯಿರಿ, ಒಂದು ಸಲ ಕತ್ತಲಲ್ಲಿ, ಕೈಗವಸು ತೊಟ್ಟು. ಚೈನನ್ನು ನೆಲದ ಮೇಲೆ ಹರಡಿ ಸಿಕ್ಕು ಬಿಡಿಸಿ. ಕೊಕ್ಕೆಗಳ ಚೂಪು ತುದಿ ಹೊರಮುಖವಾಗಿರಲಿ, ಒಳಮುಖವಾದರೆ ಟೈರಿನ ಗೋಡೆ ಕೊರೆಯುತ್ತದೆ. ಟೈರಿನ ಮೇಲೆ ಹೊದಿಸಿ, ಮೊದಲು ಒಳಬದಿಯ ಕೊಕ್ಕೆ, ಆಮೇಲೆ ಹೊರಬದಿಯದು, ಕಡೆಗೆ ಬಿಗಿ ಮಾಡುವ ಸರಪಣಿ ಅಥವಾ ರಬ್ಬರು. ಐವತ್ತು, ನೂರು ಮೀಟರ್ ಓಡಿಸಿ ನಿಲ್ಲಿಸಿ ಮತ್ತೆ ಬಿಗಿ ಮಾಡಬೇಕು. ಬಹಳ ಜನ ಬಿಡುವುದು ಇದನ್ನೇ, ಚೈನು ಕಳಚಿ ಬೀಳುವುದೂ ಇದರಿಂದಲೇ. ತಯಾರಕರು ಬರೆದಿರುವ ವೇಗ ಮೀರಬೇಡಿ. ಬರೆದಿಲ್ಲವಾದರೆ 30 ಕಿ.ಮೀ. ಸಾಕು. ಬರೀ ಡಾಂಬರು ಸಿಕ್ಕ ಕೂಡಲೇ ಬಿಚ್ಚಿ, ಇಲ್ಲದಿದ್ದರೆ ಚೈನೂ ಟೈರೂ ಎರಡೂ ಹಾಳು.

ಚೈನ್ ಹಾಕುವ ಜಾಗ ಹಿಮ ಶುರುವಾಗುವ ಮುಂಚಿನ ಸಮತಟ್ಟು ನೆಲ. ಸಿಕ್ಕಿಬಿದ್ದ ಮೇಲೆ ಇಳಿಜಾರಿನಲ್ಲಿ ಕೂತು ಹಾಕಲು ಹೋದವರ ಮೇಲೆ ಹಿಂದಿನ ಕಾರು ಜಾರಿ ಬರುತ್ತದೆ. ಇನ್ನೊಂದು ವಿಷಯ ಚೈನ್ ಮಾರುವವರು ಹೇಳುವುದಿಲ್ಲ: ಮುಂದಿನ ಎರಡಕ್ಕೆ ಮಾತ್ರ ಹಾಕಿದರೆ ಏರುವಾಗ ಚೆನ್ನಾಗಿಯೇ ಇರುತ್ತದೆ, ಇಳಿಯುವಾಗ ಬ್ರೇಕ್ ಒತ್ತಿದರೆ ಮುಂಭಾಗ ಕಚ್ಚಿ ಹಿಂಭಾಗ ಬೀಸಿ ತಿರುಗುತ್ತದೆ. ಕೈಪಿಡಿ ಒಪ್ಪಿದರೆ ನಾಲ್ಕಕ್ಕೂ ಹಾಕುವುದು ಲೇಸು.

ಟೈರಿನ ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆ ಅಂತ ಯಾರಾದರೂ ಹೇಳುತ್ತಾರೆ. ಅದು ಮರಳಿನ ಉಪಾಯ, ಇಲ್ಲಿ ಬೇಡ. ಪುಣೆಯ 30 ಡಿಗ್ರಿಯಲ್ಲಿ 33 ಪಿಎಸ್‌ಐ ಹಾಕಿಸಿದ ಟೈರು ಮನಾಲಿಯ ಸೊನ್ನೆಗಿಂತ ಐದು ಡಿಗ್ರಿ ಕೆಳಗಿನ ಬೆಳಗಿನಲ್ಲಿ ತಾನಾಗಿಯೇ ಸುಮಾರು 30ಕ್ಕೆ ಇಳಿದಿರುತ್ತದೆ. ಅಲ್ಲಿ ಬೆಳಗ್ಗೆ, ಓಡಿಸುವ ಮುಂಚೆ ಅಳೆದು ಕಂಪನಿ ಹೇಳಿದ ಮಟ್ಟಕ್ಕೆ ತನ್ನಿ. ನಮ್ಮ ಕಡೆಯ ಟೈರುಗಳ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಡುಸಾಗುತ್ತದೆ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತಿರುವ ಚಳಿಗಾಲದ ಟೈರು ಒಂದೇ ಪ್ರವಾಸಕ್ಕೆ ದುಬಾರಿ, ನಾನು ಒತ್ತಾಯಿಸುವುದಿಲ್ಲ. ಆದರೆ ಟೈರಿನ ತುಳಿಮುಖದ ಗೀರುಗಳ ಆಳ 4 ಮಿ.ಮೀ. ಆದರೂ ಇರಲಿ. ಕಾನೂನಿನ 1.6 ಮಿ.ಮೀ. ಹಿಮಕ್ಕೆ ಏನೇನೂ ಸಾಲದು.

ಓಡಿಸುವ ರೀತಿ. ಹೊರಡುವಾಗ ಎರಡನೇ ಗೇರ್, ಕ್ಲಚ್ ತೀರಾ ನಿಧಾನ. ಚಕ್ರ ಗಿರಗಿರ ತಿರುಗಿದರೆ ಕೂಡಲೇ ಕಾಲು ತೆಗೆಯಿರಿ, ರೇಸ್ ಕೊಟ್ಟಷ್ಟೂ ಹಿಮ ಕರಗಿ ಅಡಿಯಲ್ಲಿ ಗಡ್ಡೆಯಾಗುತ್ತದೆ. ಏರುವಾಗ ಮುಂದಿನ ಗಾಡಿ ಏರು ಮುಗಿಸುವ ತನಕ ಕೆಳಗೇ ಕಾಯಿರಿ, ಆಮೇಲೆ ಒಂದೇ ಹದದ ವೇಗದಲ್ಲಿ ನಡುವೆ ನಿಲ್ಲದೆ ಹೋಗಿ. ಹಿಂದಿನವರು ಹಾರ್ನ್ ಹೊಡೆಯಲಿ ಬಿಡಿ. ಇಳಿಯುವ ಮುಂಚೆಯೇ ಒಂದನೇ ಅಥವಾ ಎರಡನೇ ಗೇರ್, ವೇಗ 10ರಿಂದ 15. ನಡುವೆ ಗೇರ್ ಬದಲಿಸಬೇಡಿ. ಕ್ಲಚ್ ಒತ್ತಿ ಇಳಿಯುವ, ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವ ಅಭ್ಯಾಸವಿದ್ದರೆ ದಯವಿಟ್ಟು ಈಗಲೇ ಬಿಟ್ಟುಬಿಡಿ. ತಾನಾಗಿ ಗೇರ್ ಬದಲಿಸುವ ಎಎಂಟಿ ಗೇರ್‌ಬಾಕ್ಸ್ ಆದರೆ ಮ್ಯಾನುಯಲ್‌ಗೆ ಹಾಕಿ.

ಟೈರಿನ ಹಿಡಿತ ಒಂದು ಹೊತ್ತಿಗೆ ಒಂದೇ ಕೆಲಸಕ್ಕೆ ಸಾಲುತ್ತದೆ. ನೇರ ಇರುವಾಗ ಬ್ರೇಕ್ ಹಗುರವಾಗಿ ಮುಟ್ಟಿ, ಬಿಟ್ಟು, ಆಮೇಲೆ ತಿರುಗಿಸಿ. ಎರಡೂ ಒಟ್ಟಿಗೆ ಬೇಡ. ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತಿದ್ದರೆ ಇನ್ನಷ್ಟು ತಿರುಗಿಸಬೇಡಿ. ಕಾಲು ತೆಗೆದು, ಸ್ಟೀರಿಂಗನ್ನು ಸ್ವಲ್ಪ ನೇರ ಮಾಡಿದರೆ ಟೈರು ಮತ್ತೆ ಕಚ್ಚುತ್ತದೆ. ಹಿಂಭಾಗ ಬಲಕ್ಕೆ ಜಾರಿದರೆ ಸ್ಟೀರಿಂಗ್ ಬಲಕ್ಕೆ, ಕಣ್ಣು ಹೋಗಬೇಕಾದ ಕಡೆಗೆ, ಬ್ರೇಕ್ ಮೇಲೆ ಕಾಲಿಡಬೇಡಿ. ನಿಲ್ಲಿಸಲೇಬೇಕಾಗಿ ಬಂದರೆ ಎಬಿಎಸ್ ಇರುವ ಕಾರಿನಲ್ಲಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪೆಡಲು ಕಾಲಿನಡಿ ಟರಟರ ಅದುರುತ್ತದೆ, ಅದು ಕೆಟ್ಟಿದ್ದಲ್ಲ, ಬಿಡಬೇಡಿ. ಕೈಮೀರಿತು ಅನ್ನಿಸಿದರೆ ಕಣಿವೆಯ ಕಡೆ ಬಿಟ್ಟು ಬೆಟ್ಟದ ಕಡೆಯ ಹಿಮದ ರಾಶಿಗೆ ಒರಗಿಸಿ, ಬಂಪರ್ ಹೋದರೆ ಹೋಗಲಿ. ಜಾರುವ ಕಾರಿನಿಂದ ಹಾರುವುದು, ಅದರ ಕೆಳಬದಿಗೆ ನಿಂತು ಕೈಯಿಂದ ತಡೆಯುವುದು ಯಾವ ಕಾರಣಕ್ಕೂ ಬೇಡ. ಒಂದು ಟನ್ನಿಗೂ ಹೆಚ್ಚು ಭಾರ ಮೈಮೇಲೆ ಬರುತ್ತದೆ.

ಪುಣೆಯಲ್ಲೇ ಮುಗಿಸಬೇಕಾದ ಕೆಲಸಗಳಲ್ಲಿ ಮೊದಲನೆಯದು ಎಂಜಿನ್ ತಣಿಸುವ ದ್ರವ, ಕೂಲಂಟ್. ನಮ್ಮ ಕಡೆ ಕಡಿಮೆಯಾದಾಗ ಬರೀ ನೀರು ಸುರಿಯುವುದು ಸಾಮಾನ್ಯ. ನೀರು ಹೆಪ್ಪುಗಟ್ಟಿದರೆ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗಿ ರೇಡಿಯೇಟರ್, ಕೆಲವೊಮ್ಮೆ ಎಂಜಿನ್ ಬ್ಲಾಕ್ ಸೀಳುತ್ತದೆ. ಹೆಪ್ಪುಗಟ್ಟದಂತೆ ತಡೆಯುವ ಗ್ಲೈಕಾಲ್, ಡಿಸ್ಟಿಲ್ಡ್ ನೀರು ಸಮಸಮ ಇದ್ದರೆ ಮೈನಸ್ 35 ಡಿಗ್ರಿಯವರೆಗೂ ಭಯವಿಲ್ಲ. ಗ್ಯಾರೇಜಿನಲ್ಲಿ ಅಳೆಸಿ ನೋಡಿ. ವೈಪರ್ ತೊಟ್ಟಿಯ ನೀರು ಖಾಲಿ ಮಾಡಿ, ಹೆಪ್ಪುಗಟ್ಟದ ದ್ರವ ತುಂಬಿಸಿ. ಬ್ಯಾಟರಿಗೆ ಮೂರ್ನಾಲ್ಕು ವರ್ಷ ಆಗಿದ್ದರೆ ಲೋಡ್ ಟೆಸ್ಟ್ ಮಾಡಿಸಿ. ಸೊನ್ನೆ ಡಿಗ್ರಿಯಲ್ಲಿ ಅದರ ಶಕ್ತಿ ಮೂರನೇ ಒಂದರಷ್ಟು ಕುಗ್ಗುತ್ತದೆ, ಅದೇ ಹೊತ್ತಿಗೆ ಆಯಿಲ್ ಗಟ್ಟಿಯಾಗಿ ಎಂಜಿನ್ ತಿರುಗಿಸುವುದೂ ಕಷ್ಟವಾಗುತ್ತದೆ.

ಡೀಸೆಲ್ ಕಾರಿಗೆ ಮತ್ತೊಂದು ಎಚ್ಚರಿಕೆ ಇದೆ. ಡೀಸೆಲಿನಲ್ಲಿ ಮೇಣದ ಅಂಶವಿದೆ. ಚಳಿಗೆ ಅದು ಹರಳುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆಗ ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಬಯಲುಸೀಮೆಯಲ್ಲಿ ತುಂಬಿಸಿದ ಡೀಸೆಲ್ ಟ್ಯಾಂಕಿನಲ್ಲೇ ಉಳಿಸಿಕೊಂಡು ಮೇಲಕ್ಕೆ ಹೋಗಬೇಡಿ, ಆದಷ್ಟು ಖರ್ಚಾದ ಮೇಲೆ ಹಿಮಾಚಲದ ಬಂಕಿನಲ್ಲಿ ತುಂಬಿಸಿ. ಲಡಾಖಿನ ಮೈನಸ್ 33 ಡಿಗ್ರಿಗೆಂದು ಇಂಡಿಯನ್ ಆಯಿಲ್ 2019ರಲ್ಲಿ ಬೇರೆಯೇ ಚಳಿಗಾಲದ ಡೀಸೆಲ್ ತಂದದ್ದು ಈ ತೊಂದರೆಗೇ.

ಹಿಮ ಬೀಳುವ ದಿನ ಪೊಲೀಸರು ಮನಾಲಿಯಿಂದ ಮೇಲೆ ಫೋರ್ ಬೈ ಫೋರ್ ಗಾಡಿಗಳನ್ನಷ್ಟೇ ಬಿಡುವುದುಂಟು. ವಾದ ಮಾಡಬೇಡಿ. 2024ರ ಡಿಸೆಂಬರ್ ಕೊನೆಗೆ ಸೋಲಂಗ್ ಮತ್ತು ಸುರಂಗದ ನಡುವೆ ನೂರಾರು ಗಾಡಿಗಳು ಸಿಕ್ಕಿಬಿದ್ದಿದ್ದವು. ಹಾಗೆ ಸಿಕ್ಕಿಬಿದ್ದಾಗ ಜೀವಕ್ಕೆ ಎರವಾಗುವುದು ಚಳಿಯೊಂದೇ ಅಲ್ಲ. ಸೈಲೆನ್ಸರ್ ಕೊಳವೆ ಹಿಮದಲ್ಲಿ ಮುಚ್ಚಿಹೋಗಿ ಎಂಜಿನ್ ಓಡುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ನಿದ್ದೆಯಂತೆ ಬರುತ್ತದೆ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀಯಲ್ಲಿ ಹಿಮದಲ್ಲಿ ಹೂತ ಕಾರುಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಪ್ರತಿ ಸಲವೂ ಮುಂಚೆ ಇಳಿದು ಕೊಳವೆಯ ಸುತ್ತ ಹಿಮ ಬಗೆಯಿರಿ, ಗಾಳಿ ಬರುವ ಕಡೆ ಬಿಟ್ಟು ಇನ್ನೊಂದು ಕಡೆಯ ಕಿಟಕಿ ಎರಡು ಬೆರಳಷ್ಟು ತೆರೆದಿಡಿ. ಸಹಾಯಕ್ಕೆ 112. ಡಿಕ್ಕಿಯಲ್ಲಿ ಒಂದು ಸಲಿಕೆ, ಐದು ಕಿಲೋ ಮರಳು, ಎಳೆಯುವ ಹಗ್ಗ, ಟಾರ್ಚ್, ತಲೆಗೊಂದು ಕಂಬಳಿ, ನೀರು. ತಿನ್ನಲು ಚಕ್ಕುಲಿ, ಶೇಂಗಾ ಚಿಕ್ಕಿ ಇದ್ದರೆ ಬಿಸಿ ಮಾಡುವ ಗೋಜಿಲ್ಲ. ಅಮ್ಮನ ಔಷಧಿ ಹೋಟೆಲಿನಲ್ಲಿ ಬಿಡದೆ ಕಾರಿನಲ್ಲೇ ಇರಲಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮನಾಲಿಯವರೆಗೆ ಸ್ವಂತ ಕಾರು. ಎರಡು ದಿನ ಹಿಮ ಬೀಳದೆ ರಸ್ತೆ ಕಪ್ಪಾಗಿ, ಒಣಗಿ ಕಂಡರೆ ಸಿಸ್ಸುವಿಗೆ ಹಗಲಲ್ಲಿ ಹೋಗಿಬರುವೆ. ಹಿಮವಿದ್ದರೆ ಅಲ್ಲಿಯ ಚಾಲಕರ ಫೋರ್ ಬೈ ಫೋರ್ ಟ್ಯಾಕ್ಸಿ. ಹಿಮದ ಇಳಿಜಾರಿನ ಮೊದಲ ಪಾಠ ಅಮ್ಮ, ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಕಲಿಯುವಂಥದ್ದಲ್ಲ.

ರಾತ್ರಿ ಕಾರು ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಒದ್ದೆಯಾದ ಕೇಬಲ್ ಹೆಪ್ಪುಗಟ್ಟಿ ಚಕ್ರ ಕಚ್ಚಿಕೊಳ್ಳುತ್ತದೆ. ಸಮತಟ್ಟು ಜಾಗ, ಒಂದನೇ ಗೇರ್, ಚಕ್ರಕ್ಕೆ ಎರಡೂ ಕಡೆ ಕಲ್ಲು. ವೈಪರ್ ಎತ್ತಿ ನಿಲ್ಲಿಸಿ. ಬೆಳಗ್ಗೆ ಗಾಜಿಗೆ ಬಿಸಿನೀರು ಸುರಿದರೆ ಬಿರುಕು ಬಿಡುತ್ತದೆ, ಪ್ಲಾಸ್ಟಿಕ್ ಹಲಗೆಯಿಂದ ಕೆರೆಯಿರಿ. ಡೀಸೆಲ್ ಎಂಜಿನ್ನಿನ ಒಳಗನ್ನು ಬಿಸಿ ಮಾಡುವ ಗ್ಲೋ ಪ್ಲಗ್‌ನ ದೀಪ ಆರಿದ ಮೇಲೆ ಕ್ಲಚ್ ಪೂರ್ತಿ ಒತ್ತಿ ಸ್ಟಾರ್ಟ್ ಮಾಡಿ. ಕಾರಿನ ಮಾಡಿನ ಮೇಲಿನ ಹಿಮವನ್ನೂ ಪೂರಾ ತೆಗೆಯಿರಿ, ಇಲ್ಲದಿದ್ದರೆ ಮೊದಲ ಬ್ರೇಕಿಗೇ ಅದು ಗಾಜಿನ ಮೇಲೆ ಜಾರಿ ಬಿದ್ದು ದಾರಿಯೇ ಕಾಣುವುದಿಲ್ಲ.