ಅಮೆರಿಕದ ಗಾಯಕರಾದ ಸೈಮನ್ ಮತ್ತು ಗಾರ್ಫಂಕೆಲ್ ಜೋಡಿಯ ಮೊದಲ ಆಲ್ಬಂ ಏಕೆ ಸೋತಿತು?

ಮುಖ್ಯವಾಗಿ, ಅದು ಬಂದ ಕಾಲ ಸರಿಯಿರಲಿಲ್ಲ. 1964ರ ಅಕ್ಟೋಬರ್‌ನಲ್ಲಿ ‘ವೆಡ್ನೆಸ್‌ಡೇ ಮಾರ್ನಿಂಗ್, 3 ಎ.ಎಂ.’ ಹೊರಬಂದಾಗ ಅಮೆರಿಕದ ಕಿವಿಗಳು ಬೀಟಲ್ಸ್‌ ತಂಡದ ಡ್ರಮ್ಮು, ಎಲೆಕ್ಟ್ರಿಕ್ ಗಿಟಾರಿಗೆ ಒಗ್ಗಿದ್ದವು. ಎರಡು ಕಂಠ, ಅಕೌಸ್ಟಿಕ್ ಅಂದರೆ ವಿದ್ಯುತ್ತಿನ ನೆರವಿಲ್ಲದ ಗಿಟಾರು ಆ ಅಬ್ಬರದಲ್ಲಿ ಕೇಳಿಸಲೇ ಇಲ್ಲ. ಜೋಡಿ ಬೇರೆಯಾಯಿತು, ಪಾಲ್ ಸೈಮನ್ ಇಂಗ್ಲೆಂಡಿಗೆ ಹೋದರು.

ಸೋಲಿಗೆ ಕಾಲವೇ ಕಾರಣ ಎಂಬುದಕ್ಕೆ ಸಾಕ್ಷಿ ಅದೇ ಆಲ್ಬಮ್ಮಿನ ಹಾಡು ‘ದ ಸೌಂಡ್ ಆಫ್ ಸೈಲೆನ್ಸ್’. 1965ರಲ್ಲಿ ನಿರ್ಮಾಪಕ ಟಾಮ್ ವಿಲ್ಸನ್, ಗಾಯಕರಿಗೆ ತಿಳಿಸದೆಯೇ, ಹಳೆಯ ಧ್ವನಿಮುದ್ರಣದ ಮೇಲೆ ಎಲೆಕ್ಟ್ರಿಕ್ ಗಿಟಾರ್, ಬೇಸ್, ಡ್ರಮ್ ಕೂಡಿಸಿದರು. ಕಂಠಗಳು ಅವೇ, 1966ರ ಜನವರಿಯಲ್ಲಿ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಆ ಬಳಿಕ ಮೂಲ ಆಲ್ಬಮ್ಮಿಗೂ ಕೇಳುಗರು ಸಿಕ್ಕರು. ನಮ್ಮ ಬೆಂಗಳೂರಿನಲ್ಲಿ ತಂಬೂರಿ ಹಿಡಿದು ತತ್ವಪದ ಹಾಡುವವರ ಎದುರು ಕುಳಿತು ಕೇಳಿದವರಿಗೆ ಮೊದಲ ರೂಪವೇ ಹೆಚ್ಚು ಹಿಡಿಸೀತು. ನನಗಂತೂ ಅದೇ ಪ್ರಿಯ.