ಸ್ಯಾನ್ ಆಂಟೋನಿಯೋದ ಪೇರೆಂಟಿಂಗ್ ತರಗತಿಗೆ ಫೀಲ್ಡ್‌ವರ್ಕ್‌ಗೆ ಹೊರಟವರಿಗೆ

ಮೈಸೂರಿನಿಂದ ಎಂಎಸ್‌ಡಬ್ಲ್ಯೂ ಓದಲು ಸ್ಯಾನ್ ಆಂಟೋನಿಯೋಗೆ ಬಂದಿದ್ದೀರಿ. ಫೀಲ್ಡ್‌ವರ್ಕ್ ಸಿಕ್ಕಿರುವುದು ಮೆಕ್ಸಿಕೋ, ಗ್ವಾಟೆಮಾಲಾ ಮೂಲದ ಅಪ್ಪ-ಅಮ್ಮಂದಿರಿಗೆ ನಡೆಸುವ ಪೇರೆಂಟಿಂಗ್ ತರಗತಿಯಲ್ಲಿ. ಅಲ್ಲಿ ಏನು ಕಲಿಸುತ್ತಾರೆ, ಎಲ್ಲಿ ಎಡವುತ್ತಾರೆ, ಎಂಟು ವಾರದ ಸ್ಪ್ಯಾನಿಷ್ ಕೋರ್ಸ್ ಸಾಕಾ ಅಂತ ಕೇಳಿದ್ದೀರಿ.

ಮೊದಲು ಕಾಗದಪತ್ರ. ನೀವು ಎಫ್-1 ಅಂದರೆ ವಿದ್ಯಾರ್ಥಿ ವೀಸಾದಲ್ಲಿದ್ದರೆ ಕ್ಯಾಂಪಸ್‌ ಹೊರಗಿನ ಫೀಲ್ಡ್‌ವರ್ಕ್‌ಗೆ ಸಿಪಿಟಿ (ಓದಿನ ಭಾಗವಾದ ಕೆಲಸಕ್ಕೆ ಬೇಕಾದ ಅನುಮತಿ) ಮಾಡಿಸಿಕೊಳ್ಳಿ. ಸಂಬಳ ಇಲ್ಲವಲ್ಲ ಅಂತ ಉದಾಸೀನ ಬೇಡ. ಇಂಟರ್‌ನ್ಯಾಷನಲ್ ಆಫೀಸ್‌ನವರು ಅದನ್ನು ನಿಮ್ಮ ಐ-20ರಲ್ಲಿ (ವಿಶ್ವವಿದ್ಯಾಲಯ ಕೊಡುವ ವಿದ್ಯಾರ್ಥಿ ದಾಖಲೆ) ನಮೂದಿಸಿ ಕೊಟ್ಟ ಮೇಲೆಯೇ ಮೊದಲ ದಿನ.

ಈ ಕೆಲಸದಲ್ಲಿ ಸ್ಯಾನ್ ಆಂಟೋನಿಯೋಗೆ ಹಳೆಯ ಹೆಸರಿದೆ. ಅವಾನ್ಸೆ ಸಂಸ್ಥೆ 1973ರಲ್ಲಿ ಅಲ್ಲಿ ಶುರುವಾಯಿತು. ತಾಯಂದಿರು ಮನೆಯಲ್ಲೇ ಸಿಗುವ ಸಾಮಾನಿನಿಂದ ಆಟಿಕೆ ಮಾಡುತ್ತಾ, ಯಾವ ವಯಸ್ಸಿನ ಮಗುವಿಗೆ ಯಾವ ಆಟ ಯಾಕೆ ಬೇಕು ಅನ್ನುವುದನ್ನು ಕಲಿಯುತ್ತಾರೆ. ಉಪನ್ಯಾಸಕ್ಕೆ ಬಾಯಿಬಿಡದವರೂ ಕೈಯಲ್ಲಿ ಕೆಲಸವಿದ್ದಾಗ ಮಾತಾಡುತ್ತಾರೆ.

ಇನ್ನು ಸ್ಪ್ಯಾನಿಷ್ ವಿಷಯ. ಇಂಗ್ಲಿಷ್ ಪಾಠವನ್ನು ಸ್ಪ್ಯಾನಿಷ್‌ಗೆ ಇಳಿಸಿಬಿಟ್ಟರೆ ಆಯಿತು ಅಂದುಕೊಂಡ ಸಂಸ್ಥೆಗಳು ಬೇಕಾದಷ್ಟಿವೆ. ಒಂದು ಕಾರ್ಯಕ್ರಮವನ್ನು ಬೇರೆ ಸಂಸ್ಕೃತಿಯವರಿಗೆ ಹೊಂದಿಸುವುದು ಹೇಗೆ ಅಂತ 1995ರಲ್ಲಿ ಮನಶ್ಶಾಸ್ತ್ರಜ್ಞ ಗಿಲ್ಯೆರ್ಮೋ ಬೆರ್ನಾಲ್ ಮತ್ತು ಜೊತೆಗಾರರು ಪೋರ್ಟೊ ರಿಕೋದಿಂದ ಕೊಟ್ಟ ಚೌಕಟ್ಟಿನಲ್ಲಿ ಎಂಟು ಅಂಶಗಳಿವೆ: ಭಾಷೆ, ಕಲಿಸುವ ವ್ಯಕ್ತಿ, ರೂಪಕ, ವಿಷಯ, ಪರಿಕಲ್ಪನೆ, ಗುರಿ, ವಿಧಾನ, ಸಂದರ್ಭ. ಭಾಷೆ ಒಂದು ಪಾಲು ಮಾತ್ರ. ಗ್ವಾಟೆಮಾಲಾದ ಎಷ್ಟೋ ಕುಟುಂಬಗಳ ಮನೆಮಾತು ಮಾಮ್ ಅಥವಾ ಕಿಚೆ ಅನ್ನುವ ಮಾಯಾ ಭಾಷೆ, ಅಲ್ಲಿ ಸ್ಪ್ಯಾನಿಷ್ ಕೂಡ ಎರಡನೆಯ ಭಾಷೆ. ಓದು-ಬರಹ ಕಡಿಮೆ ಇರುವವರ ಕೈಗೆ ಹತ್ತು ಪುಟದ ಹ್ಯಾಂಡ್‌ಔಟ್ ಕೊಟ್ಟರೆ ಮುಂದಿನ ವಾರ ಅವರು ಬರುವುದಿಲ್ಲ. ಚಿತ್ರ ಬಳಸಿ, ಅಭಿನಯಿಸಿ ತೋರಿಸಿ. ಮಗುವನ್ನಂತೂ ದುಭಾಷಿಯಾಗಿ ಕೂರಿಸಲೇಬೇಡಿ. ಅಪ್ಪ-ಅಮ್ಮನ ಮಾತಿಗೆ ಮನೆಯಲ್ಲಿ ತೂಕ ಬರಲಿ ಅಂತ ನಡೆಸುವ ತರಗತಿಯಲ್ಲೇ ಆ ತೂಕ ಹೋಗಿಬಿಡುತ್ತದೆ. ದೊಡ್ಡವರನ್ನು ಬಹುವಚನದಲ್ಲಿ ಮಾತಾಡಿಸುವುದು ನಮಗೆ ಹೇಳಿಕೊಡಬೇಕಿಲ್ಲ. ಇಲ್ಲಿ ಅದಕ್ಕೆ 'ಉಸ್ತೆದ್', ಹೆಸರಿಗೆ ಮೊದಲು 'ದೋನ್' ಅಥವಾ 'ದೋನ್ಯಾ'.

ಕಲಿಸುವ ಕೌಶಲಗಳು ಬಹುಮಟ್ಟಿಗೆ ಎಲ್ಲ ಕಡೆ ಒಂದೇ: ಸ್ಪಷ್ಟ ಸೂಚನೆ, ಮೆಚ್ಚುಗೆ, ಮಿತಿ ಹಾಕುವುದು, ಮಗು ಎಲ್ಲಿದೆ ಏನು ಮಾಡುತ್ತಿದೆ ಅನ್ನುವ ನಿಗಾ. ಸೂಚನೆಯ ಪಾಠವನ್ನೇ ನೋಡಿ. ತರಗತಿ ನಡೆಸುವ ಫೆಸಿಲಿಟೇಟರ್ ಮೊದಲು ತಪ್ಪು ರೀತಿಯನ್ನು ಆಡಿ ತೋರಿಸುತ್ತಾರೆ: ಅಡುಗೆಮನೆಯಿಂದಲೇ ಕೂಗಿ, "ಎಷ್ಟು ಸಲ ಹೇಳಬೇಕು ನಿನಗೆ?" ಎಲ್ಲರೂ ನಗುತ್ತಾರೆ, ಯಾಕೆಂದರೆ ಎಲ್ಲರ ಮನೆಯಲ್ಲೂ ಅದೇ. ಆಮೇಲೆ ಸರಿಯಾದದ್ದು: ಹತ್ತಿರ ಹೋಗಿ, ಹೆಸರು ಹಿಡಿದು ಕರೆದು, ಒಂದೇ ಕೆಲಸ ಹೇಳಿ, "ಶೂ ಬಾಗಿಲ ಹತ್ತಿರ ಇಡು." ಮನಸ್ಸಿನಲ್ಲೇ ಐದು ಎಣಿಸಿ. ಆ ಐದು ಸೆಕೆಂಡ್ ಸುಮ್ಮನಿರುವುದೇ ಕಷ್ಟ, ಮೂರನೆಯದಕ್ಕೇ ಮತ್ತೆ ಬಾಯಿ ಹಾಕುತ್ತಾರೆ. ಹಾಗಾಗಿ ಜೋಡಿ ಮಾಡಿ, ಒಬ್ಬರು ಮಗುವಾಗಿ ಒಬ್ಬರು ಅಮ್ಮನಾಗಿ ಎರಡು ಮೂರು ಬಾರಿ ಮಾಡಿಸಬೇಕು.

ಮೆಚ್ಚುಗೆಯ ವಾರ ತಕರಾರು ಗ್ಯಾರಂಟಿ. ಮಾಡಲೇಬೇಕಾದ ಕೆಲಸಕ್ಕೆ ಹೊಗಳಿದರೆ ಮಗು ಹಾಳಾಗುತ್ತದೆ ಅನ್ನುತ್ತಾರೆ. ವಾದ ಬೇಡ. ಮಗು ಹಿರಿಯರಿಗೆ ಗೌರವ ಕೊಡಬೇಕು, ನಡತೆ ಚೆನ್ನಾಗಿರಬೇಕು ಅನ್ನುವುದು ಅವರೇ ಇಟ್ಟುಕೊಂಡ ಗುರಿ. 'ಅಜ್ಜಿಗೆ ಮೊದಲು ತಟ್ಟೆ ಕೊಟ್ಟೆ, ಒಳ್ಳೆಯದು ಮಾಡಿದೆ' ಅನ್ನುವುದು ಅದನ್ನು ಕಲಿಸುವ ದಾರಿ ಅಂತ ತೋರಿಸಿ. ಬಹುಮಾನಕ್ಕೆ ದುಡ್ಡು ಖರ್ಚಾಗದಿರಲಿ: ರಾತ್ರಿ ಊಟಕ್ಕೆ ಏನು ಅಂತ ಆರಿಸುವುದು, ಭಾನುವಾರ ಅಪ್ಪನ ಜೊತೆ ಪಾರ್ಕ್.

ಟೈಮ್‌ಔಟ್, ಅಂದರೆ ತಪ್ಪು ಮಾಡಿದ ಮಗುವನ್ನು ಸ್ವಲ್ಪ ಹೊತ್ತು ಒಂದು ಕುರ್ಚಿಯಲ್ಲಿ ಸುಮ್ಮನೆ ಕೂರಿಸುವುದು, ಇನ್ನೂ ನಾಜೂಕು. ಸ್ಯಾನ್ ಡಿಯಾಗೋದಲ್ಲಿ ಕ್ರಿಸ್ಟನ್ ಮೆಕೇಬ್ ಮತ್ತು ಮೇ ಯೆ ಮೆಕ್ಸಿಕನ್-ಅಮೆರಿಕನ್ ಕುಟುಂಬಗಳಿಗಾಗಿ ರೂಪಿಸಿದ 'ಗಾನಾ' ಕಾರ್ಯಕ್ರಮದಲ್ಲಿ ಇದಕ್ಕೊಂದು ಜಾಣ ಉಪಾಯವಿದೆ. ಕುರ್ಚಿಯಲ್ಲಿ ಕೂರಿಸುವುದೂ ಒಂದು ಶಿಕ್ಷೆಯಾ ಅನ್ನುವವರಿಗೆ ಅದು 'ಶಿಕ್ಷೆಯ ಕುರ್ಚಿ', ಶಿಕ್ಷೆ ಅಂದರೆ ಮುಜುಗರಪಡುವವರಿಗೆ 'ಯೋಚಿಸುವ ಕುರ್ಚಿ'. ಕುರ್ಚಿ ಅದೇ. ಚಿಕಿತ್ಸೆ ಅನ್ನದೆ ಕಲಿಕೆ ಅಂತ ಪರಿಚಯಿಸಿದ್ದೂ ಅಲ್ಲೇ, ಏಕೆಂದರೆ ಮನೋರೋಗದ ಹಣೆಪಟ್ಟಿಗೆ ಹೆದರಿ ಬರದಿರುವವರು ಬಹಳ.

ಡೆಟ್ರಾಯಿಟ್‌ನಲ್ಲಿ ರೂಬೆನ್ ಪಾರಾ-ಕಾರ್ಡೋನಾ ನಡೆಸಿದ 'ಕಪಾಸ್' ಪೇರೆಂಟಿಂಗ್ ಕಾರ್ಯಕ್ರಮದ ಅಧ್ಯಯನವನ್ನೂ ಓದಿ. 103 ಕುಟುಂಬಗಳು, 2017ರಲ್ಲಿ ಫಲಿತಾಂಶ. ಒಂದು ಗುಂಪಿಗೆ ಅವರ ಸಂಸ್ಕೃತಿಗೆ ಹೊಂದಿಸಿದ ಪಾಠ, ಇನ್ನೊಂದಕ್ಕೆ ಅದರ ಜೊತೆ ವಲಸೆ, ತಾರತಮ್ಯ, ಎರಡು ಸಂಸ್ಕೃತಿಯ ನಡುವೆ ಮಕ್ಕಳು ಬೆಳೆಯುವುದರ ಬಗ್ಗೆ ಚರ್ಚೆ. ಕಾಯುವ ಪಟ್ಟಿಯಲ್ಲಿದ್ದವರಿಗೆ ಹೋಲಿಸಿದರೆ ಎರಡೂ ಗುಂಪಿನ ಪೋಷಕರು ಸುಧಾರಿಸಿದರು. ಮಕ್ಕಳ ಒಳಗಿನ ದುಗುಡ, ಆತಂಕ ಹೆಚ್ಚು ತಗ್ಗಿದ್ದು ಚರ್ಚೆ ಸೇರಿಸಿದ ಗುಂಪಿನಲ್ಲಿ. ನನ್ನ ಪ್ರಕಾರ ಸಮಯ ಸಾಲದು ಅಂತ ಮೊದಲು ಕತ್ತರಿಸುವುದು ಇದೇ ಚರ್ಚೆಯನ್ನು, ಕತ್ತರಿಸಬಾರದ್ದೂ ಇದನ್ನೇ. ಹದಿಹರೆಯದವರ ಕುಟುಂಬಗಳಾದರೆ ಮಯಾಮಿಯ 'ಫಮಿಲಿಯಾಸ್ ಉನಿದಾಸ್' ನೋಡಿ.

ಹಾಜರಿ ಕುಸಿಯುವುದಕ್ಕೆ ಪಾಠಕ್ಕಿಂತ ವ್ಯವಸ್ಥೆಯೇ ಕಾರಣವಾಗುವುದು ಹೆಚ್ಚು. ಸಂಜೆ ಆರರ ಮೇಲೆ, ಚರ್ಚ್‌ನಲ್ಲೋ ಶಾಲೆಯಲ್ಲೋ, ಊಟ ಕೊಟ್ಟು, ಚಿಕ್ಕಮಕ್ಕಳನ್ನು ನೋಡಿಕೊಳ್ಳುವವರನ್ನು ಪಕ್ಕದ ಕೋಣೆಯಲ್ಲಿಟ್ಟು ನಡೆಸಬೇಕು. ಅಪ್ಪಂದಿರನ್ನು ಅಮ್ಮನ ಮೂಲಕ ಕರೆಸಬೇಡಿ, ನೇರವಾಗಿ ಫೋನ್ ಮಾಡಿ. ವೀಸಾ, ಪೌರತ್ವ ಕೇಳಬೇಡಿ. ಅವರಾಗಿ ಹೇಳಿದರೂ ನೋಟ್ಸ್‌ನಲ್ಲಿ ಬರೆಯುವ ಮುಂಚೆ ಸೂಪರ್‌ವೈಸರ್‌ನ್ನು ಕೇಳಿ. ಟೆಕ್ಸಸ್‌ನಲ್ಲಿ ಮಗುವಿನ ಮೇಲೆ ದೌರ್ಜನ್ಯದ ಅನುಮಾನ ಬಂದರೆ ಯಾರೇ ಆಗಲಿ ವರದಿ ಮಾಡಲೇಬೇಕು. ಇದನ್ನು ಮೊದಲ ತರಗತಿಯಲ್ಲೇ ಬಾಯಿಬಿಟ್ಟು ಹೇಳಿ. ಐದನೇ ವಾರ, ಯಾರೋ ಬೆಲ್ಟ್‌ನಲ್ಲಿ ಹೊಡೆದದ್ದು ಹೇಳಿಕೊಂಡ ಮೇಲೆ ಹೇಳಿದರೆ ಇಡೀ ಗುಂಪು ಬಾಯಿ ಮುಚ್ಚುತ್ತದೆ.

ಎಂಟು ವಾರದ ಸ್ಪ್ಯಾನಿಷ್‌ನಲ್ಲಿ ತರಗತಿ ನಡೆಸಲಾಗದು. ಹಾಜರಿ, ಮಕ್ಕಳ ಕೋಣೆ, ರೋಲ್‌ಪ್ಲೇಗೆ ಜೊತೆಯಾಗುವುದು ಮೊದಲ ಸೆಮಿಸ್ಟರ್‌ಗೆ ಸಾಕು. 'ನಾವೂ ವಲಸಿಗರೇ' ಅಂತ ಶುರುಮಾಡಬೇಡಿ. ವಿಮಾನದಲ್ಲಿ ವೀಸಾ ಹಿಡಿದು ಬಂದದ್ದು ಬೇರೆ ಮಾತು. ಊಟಕ್ಕೆ ಮಾತ್ರ ಅವರ ಜೊತೆಯೇ ಕೂತುಕೊಳ್ಳಿ. ಸಸ್ಯಾಹಾರಿಗಳಾದರೆ ಬೀನ್ಸ್‌ಗೆ, ತಮಾಲೆಗೆ (ಮೆಕ್ಕೆಜೋಳದ ಹಿಟ್ಟಿನ ಕಡುಬು) ಹಂದಿಕೊಬ್ಬು ಹಾಕಿದ್ದಾರಾ ಅಂತ ಮೊದಲೇ ಕೇಳಿ. 'ಮಾಂತೇಕಾ' ಅಂದರೆ ಅದೇ, ಮತ್ತು ಅದನ್ನು ಮಾಂಸ ಅಂತ ಲೆಕ್ಕ ಹಿಡಿಯುವವರು ಅಲ್ಲಿ ಕಡಿಮೆ.